ತುರ್ಕುವಿಗೆ ಹೊರಟ ಏಲಕ್ಕಿ

ಬಿಸಿಲೆ
14 ಸೆಪ್ಟೆಂಬರ್ 2024

ನಯನಾ,

ನೀನು ವಿಮಾನ ಇಳಿದೆಯಂತೆ, ಅಲ್ಲಿ ಈಗಲೇ ಚಳಿಯಂತೆ, ಊಟಕ್ಕೆ ತೊಂದರೆ ಇಲ್ಲವಂತೆ. ಇಷ್ಟನ್ನು ಧರ್ಮ ಹೆತ್ತೂರಿನಿಂದ ಬಂದು ನನ್ನೆದುರು ನಿಂತು ಬಾಯಿ ಅಗಲಿಸಿ ಹೇಳಿದ. ಗಂಡ ಹೆಂಡತಿ ಮಿಕ್ಕದ್ದೇನು ಮಾತಾಡಿದಿರೋ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಕಿವಿಗೆ ಫೋನಿನಿಂದ ಪ್ರಯೋಜನವಿಲ್ಲ. ಅದಕ್ಕೆ ಕಾಗದ ಬರೆಯುತ್ತೇನೆ. ಧರ್ಮ ಸಿಗ್ನಲ್ ಸಿಗುವ ಹೆತ್ತೂರಿಗೆ ಹೋದಾಗ ಇದರ ಫೋಟೋ ತೆಗೆದು ಕಳಿಸುತ್ತಾನೆ. ನೀನೂ ಕೈಯಲ್ಲೇ ಬರೆ. ಮೊಬೈಲಿನ ಅಕ್ಷರ ಎಲ್ಲರದ್ದೂ ಒಂದೇ ಥರ. ಬರೆದವರು ಸುಸ್ತಾಗಿದ್ದಾರೋ ಖುಷಿಯಾಗಿದ್ದಾರೋ ಗೊತ್ತಾಗುವುದಿಲ್ಲ.

ಮೊನ್ನೆ ಕಂಪನಿಯ ಮೀಟಿಂಗಿಗೆ ಹೋಗಿದ್ದೆ. ದೋಣಿಗಲ್ಲಿನಿಂದ ಶಾಂತಮಲ್ಲಪ್ಪನವರು ಜೀಪಿನಲ್ಲಿ ಬಂದಿದ್ದರು. ಅಧ್ಯಕ್ಷರಲ್ಲವೇ, ಅವರ ಮಾತು ಎಲ್ಲರಿಗೂ ಕೇಳಬೇಕು. ನನಗೂ ಅರ್ಧ ಕೇಳಿಸಿತು. ಎರಡು ದೇಶದ ಸಣ್ಣ ಉದ್ಯಮದವರನ್ನು ಜೋಡಿಸುತ್ತೇವೆ ಎಂದು ಸರ್ಕಾರದವರು ಕರೆದರೆ ಎಲ್ಲರೂ ದೊಡ್ಡ ಎಸ್ಟೇಟಿನವರನ್ನು ಕಳಿಸುತ್ತಾರೆ, ನಾವು ನಮ್ಮ ಸೆಕ್ರೆಟರಿ ಹುಡುಗಿಯನ್ನು ಕಳಿಸಿದ್ದೇವೆ, ಮೂರು ತಿಂಗಳು ಅಲ್ಲಿ ಏನು ಮಾಡುತ್ತಾಳೋ ಎಂದರು. ನಾನು ಹೇಳಿದೆ, ನಲವತ್ತು ಮನೆಯ ಸಣ್ಣ ಬೆಳೆಗಾರರನ್ನು ಒಂದು ಚಾಪೆಯ ಮೇಲೆ ಕೂರಿಸಿ ಕಂಪನಿ ಕಟ್ಟಿದವಳು ಅವಳು, ಅಲ್ಲಿ ನಾಲ್ಕು ಜನರ ಹತ್ತಿರ ಮಾತಾಡುವುದು ಕಷ್ಟವೇ ಎಂದು. ಅವರು ಏನೋ ಉತ್ತರ ಕೊಟ್ಟರು. ಕೇಳಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಕಾಫಿ ಮಾರಲು ಹೋಗಿದ್ದೀಯ. ಮಾರಾಟವಾಗದಿದ್ದರೂ ಚಿಂತೆಯಿಲ್ಲ. ನೋಡಿಕೊಂಡು ಬಾ.

ನಿನ್ನ ಅತ್ತೆ
ನಾಗರತ್ನಮ್ಮ


ತುರ್ಕು, ಫಿನ್‌ಲ್ಯಾಂಡ್
29 ಸೆಪ್ಟೆಂಬರ್ 2024

ಅತ್ತೆ,

ಅಕ್ಷರ ನೋಡಿ ನೀವೇ ಹೇಳಿ, ಸುಸ್ತೋ ಖುಷಿಯೋ.

ಮೊದಲ ಎರಡು ವಾರ ಸುಸ್ತೇ. ಇಲ್ಲಿಯವರು ಬೆಳಗಿನಿಂದ ಸಂಜೆಯವರೆಗೆ ಕಾಫಿ ಕುಡಿಯುತ್ತಾರೆ, ಆದರೆ ಹಾಲಿಲ್ಲದ ಟೀಯಷ್ಟು ತೆಳ್ಳಗೆ. ನಾನು ತಂದ ನಮ್ಮ ರೊಬಸ್ಟಾವನ್ನು ಒಬ್ಬೊಬ್ಬರೇ ಒಂದು ಗುಟುಕು ಕುಡಿದು, ಮುಖ ಬದಲಾಯಿಸದೆ, ಲೋಟವನ್ನು ಮೆತ್ತಗೆ ಕೆಳಗಿಟ್ಟರು. ಇಲ್ಲಿಯ ವ್ಯಾಪಾರ ಮೇಳದಲ್ಲಿ ನನ್ನ ಮೇಜಿನ ಆಚೆ ಬ್ರೆಜಿಲಿನವರು, ಈಚೆ ಕೊಲಂಬಿಯಾದವರು. ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರು ಶೌಚಾಲಯ ಯಾವ ಕಡೆ ಎಂದು ಕೇಳಿದರು.

ಹೋದ ಗುರುವಾರ ಮಳೆ ಬಂತೆಂದು ಹೊಳೆ ದಂಡೆಯ ಒಂದು ಬೇಕರಿಗೆ ನುಗ್ಗಿದೆ. ಬಾಗಿಲು ತೆಗೆದ ಕೂಡಲೇ ಏಲಕ್ಕಿ ವಾಸನೆ ಬಂತು ಅತ್ತೆ. ನಮ್ಮ ಒಣಗಿಸುವ ಗೂಡಿನ ಬಾಗಿಲು ತೆಗೆದಾಗ ಬರುತ್ತದಲ್ಲ, ಹಾಗೆ, ಹೊಗೆಯೊಂದು ಇರಲಿಲ್ಲ. ಇಲ್ಲಿಯವರು ಪುಲ್ಲಾ ಎಂಬ ಸಿಹಿ ಬ್ರೆಡ್ಡಿಗೆ ಏಲಕ್ಕಿಯನ್ನು ತರಿತರಿಯಾಗಿ ಕುಟ್ಟಿ ಹಾಕುತ್ತಾರೆ. ಹಬ್ಬಕ್ಕಲ್ಲ, ದಿನಾ ತಿನ್ನಲಿಕ್ಕೆ. ಇನ್ನೊಂದು ಥರದ್ದಕ್ಕೆ ಇಟ್ಟ ಹೆಸರಿನ ಅರ್ಥ ಕೆನ್ನೆಗೆ ಬಿಟ್ಟ ಏಟು ಎಂದು. ಅದಕ್ಕೂ ಏಲಕ್ಕಿಯೇ. ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದೆ. ಗ್ವಾಟೆಮಾಲಾ ಎಂಬ ದೇಶದಿಂದಂತೆ. ಅಲ್ಲಿಗೆ ಮೂಲ ಗಿಡ ಹೋದದ್ದು ನಮ್ಮ ಘಟ್ಟದ ಕಡೆಯಿಂದ ಎಂದು ನಾನು ಓದಿದ್ದೆ.

ಬೇಕರಿಯ ಒಡತಿಯ ಹೆಸರು ಮರ್ಯಾತ್ತಾ. ನಿಮ್ಮದೇ ವಯಸ್ಸು. ಇದೊಂದೇ ಅಂಗಡಿಯಲ್ಲ, ಊರೂರಿನ ಬೇಕರಿಗಳಿಗೆ ಸಂಬಾರ ಒದಗಿಸುವ ಕಂಪನಿಯೂ ಇವರದ್ದೇ. ವಿಮಾನದಲ್ಲಿ ಹೊಟ್ಟೆ ತೊಳೆಸಿದರೆ ಇರಲಿ ಎಂದು ನೀವು ಗಂಟು ಕಟ್ಟಿಕೊಟ್ಟಿದ್ದ ಏಲಕ್ಕಿ ನನ್ನ ಚೀಲದಲ್ಲೇ ಇತ್ತು. ತೆಗೆದು ಅವರ ಕೈಗೆ ಹಾಕಿದೆ. ಉಗುರಿನಲ್ಲಿ ಸೀಳಿ ಒಂದು ಕಾಳು ಬಾಯಿಗೆ ಹಾಕಿಕೊಂಡರು. ಇನ್ನೊಂದು ಕಾಳನ್ನೂ ಅಗಿದರು. ಆಮೇಲೆ ಕೇಳಿದರು: "ಮೇಳಕ್ಕೆ ಇದನ್ನು ಯಾಕೆ ತರಲಿಲ್ಲ?"

ಇಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ನೀವು ಬಂದಿದ್ದರೆ ನಿಮಗೆ ಕಿವಿ ಕೇಳಿಸದು ಎನ್ನುವುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ನಿಮ್ಮ
ನಯನಾ


ಬಿಸಿಲೆ
13 ಅಕ್ಟೋಬರ್ 2024

ನಯನಾ,

ಖುಷಿಯೇ. ಸಾಲು ಮೇಲಕ್ಕೆ ಹತ್ತಿದೆ.

ನಿನ್ನ ಕಾಗದವನ್ನು ಮೀಟಿಂಗಿನಲ್ಲಿ ಧರ್ಮ ಓದಿದ. ಶೌಚಾಲಯದ ಸಾಲನ್ನು ಬಿಟ್ಟು ಓದಿದನೆಂದು ಅವನ ತುಟಿ ನೋಡಿಯೇ ಗೊತ್ತಾಯಿತು. ದಿನಾ ತಿನ್ನುವ ಬ್ರೆಡ್ಡಿಗೆ ಏಲಕ್ಕಿಯೇ ಎಂದು ಎಲ್ಲರಿಗೂ ಆಶ್ಚರ್ಯ. ಇಲ್ಲಿ ಎಷ್ಟು ಜನ ಏಲಕ್ಕಿ ಕಿತ್ತು ಕಾಫಿ ಹಾಕಿದರೋ ನಿನಗೆ ಗೊತ್ತಿದೆ. ನಿನ್ನ ಮಾವನವರು ಹೋದ ಮೇಲೆ ನನಗೂ ಕೀಳು ಎಂದರು. ಹಳ್ಳದ ಪಕ್ಕದ ಜಾಗ ಕಾಫಿಗೆ ಆಗದು ಎಂದು ಬಿಟ್ಟಿದ್ದೆ, ಅಷ್ಟೆ. ಜಾಣತನದಿಂದ ಉಳಿಸಿದೆ ಎಂದು ನೀನು ಅಲ್ಲಿ ಯಾರಿಗೂ ಹೇಳಬೇಡ.

ಔಷಧಿ ತಾಗದ ಏಲಕ್ಕಿ ಬೇಕಂತೆ ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ಧರ್ಮ ತಿಳಿಸಿದ. ಔಷಧಿ ಹೊಡೆಯದೆ ಏಲಕ್ಕಿ ಬೆಳೆಯುವ ಹನ್ನೊಂದು ಮನೆ ಸಿಕ್ಕಿವೆ. ಎಲ್ಲರೂ ಕೊಡುತ್ತೇವೆ ಎಂದಿದ್ದಾರೆ. ಮಾರಮ್ಮನ ತೋಟ ಕಾಲೆಕರೆಯಷ್ಟು. ಮೊದಲು ಒಪ್ಪಿದವಳು ಅವಳೇ. ಎಲ್ಲರದ್ದೂ ನಮ್ಮ ಗೂಡಿನಲ್ಲೇ ಒಣಗಬೇಕು, ನಮ್ಮ ಸ್ಟೋರಿನಲ್ಲೇ ಇರಬೇಕು ಎಂದು ಮಾತಾಯಿತು. ನೋಡಿಕೊಳ್ಳುವ ಕೆಲಸ ಧರ್ಮನದ್ದು.

ಬುಧವಾರ ಆನೆ ಬಂದಿದ್ದವು. ಹಳ್ಳದ ಕೆಳಗಿನ ಸಾಲು ಪೂರ್ತಿ ಮಲಗಿದೆ. ಮಾರಮ್ಮನದ್ದೂ ಸ್ವಲ್ಪ ಹೋಯಿತು. ಈ ಸಲ ಅಂದುಕೊಂಡಷ್ಟು ಕಾಯಿ ಸಿಗದು. ಧರ್ಮ ಊಟ ಸರಿಯಾಗಿ ಮಾಡುತ್ತಿಲ್ಲ. ನಿನ್ನ ಮಾತು ಸಣ್ಣದಾಗುತ್ತದೆ ಎಂದು ಅವನಿಗೆ ಚಿಂತೆ. ನೀನು ಎಷ್ಟು ಕೊಡುತ್ತೇವೆಂದು ಹೇಳಿದ್ದೀಯೋ ನನಗೆ ತಿಳಿಯದು.

ಅತ್ತೆ


ತುರ್ಕು
27 ಅಕ್ಟೋಬರ್ 2024

ಅತ್ತೆ,

ಆನೆಯ ಸುದ್ದಿ ಓದುವ ಮೊದಲೇ ನಾನು ಹೇಳಿಬಿಟ್ಟಿದ್ದೆ. ಹೇಳಿದ್ದು ಹೆಚ್ಚಾಯಿತೇನೋ.

ಮರ್ಯಾತ್ತಾ ತಮ್ಮ ಪಾಲುದಾರರನ್ನು ಕೂರಿಸಿಕೊಂಡು ನನ್ನನ್ನು ಕರೆಸಿದ್ದರು. ಈ ವರ್ಷ ನಮ್ಮ ಏಲಕ್ಕಿಯ ಒಂದು ಲಾಟು ಕೊಳ್ಳುತ್ತಾರೆ. ಅದು ಇಲ್ಲಿಯ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ವರ್ಷ ನಮ್ಮ ಕಡೆಯೇ ಒಂದು ಒಣಗಿಸುವ ಮನೆ ಕಟ್ಟಲು ಅವರ ಬಂಡವಾಳ, ಅವರ ಯಂತ್ರ. ಜಾಗ, ಕಟ್ಟಡ ನಮ್ಮದು. ಹೊಗೆ ತಾಗದೆ, ಸೌದೆ ಸುಡದೆ, ಹಸಿರು ಬಣ್ಣ ಹೋಗದೆ ಒಣಗುವಂಥದ್ದು. ಒಣಗಿಸುವ ವಿದ್ಯೆಯಲ್ಲಿ ಇವರು ಗಟ್ಟಿಗರು. ಬಿಸಿಲೇ ಇಲ್ಲದ ದೇಶ ನೋಡಿ, ಮರ, ಧಾನ್ಯ, ಅಣಬೆ ಎಲ್ಲವನ್ನೂ ಒಲೆ ಹಾಕಿಯೇ ಒಣಗಿಸಿ ಬದುಕಿದವರು. ಮರ್ಯಾತ್ತಾ ಮನೆಯ ಹಿಂದೆ ಮರದ ಸ್ನಾನದ ಮನೆಯಿದೆ. ಅಲ್ಲಿ ಕಲ್ಲು ಕಾಯಿಸಿ, ಆವಿಯಲ್ಲಿ ಕೂತು, ಆಮೇಲೆ ತಣ್ಣೀರಿಗೆ ಇಳಿಯುತ್ತಾರೆ. ನಾನು ಆವಿಯವರೆಗೆ ಹೋದೆ.

ಷರತ್ತು ಎರಡು. ಔಷಧಿ ತಾಗಿರಬಾರದು. ಪ್ರತಿ ಮೂಟೆ ಯಾರ ತೋಟದ್ದು ಎಂದು ನಾವು ಹೇಳುವಂತಿರಬೇಕು. ಎರಡಕ್ಕೂ ಹೂಂ ಎಂದೆ. ಯಾವ ಧೈರ್ಯದ ಮೇಲೆ ಹೇಳುತ್ತೀಯ ಎಂದು ಒಬ್ಬ ಪಾಲುದಾರ ಕೇಳಿದ. ನಮ್ಮತ್ತೆ ಇದ್ದಾರೆ ಎಂದೆ. ಅವನಿಗೆ ಏನು ಅರ್ಥವಾಯಿತೋ. ಮರ್ಯಾತ್ತಾ ಮಾತ್ರ ತಲೆಯಾಡಿಸಿದರು.

ಧರ್ಮ ಅವರಿಗೆ ಹೇಳಿ, ಊಟ ಬಿಡುವುದು ಬೇಡ. ನಾನು ಫೋನಿನಲ್ಲಿ ಹೇಳಿದರೆ ಏನೂ ಇಲ್ಲ ಮಾರಾಯ್ತಿ ಎಂದುಬಿಡುತ್ತಾರೆ.

ನಯನಾ


ಬಿಸಿಲೆ
17 ನವೆಂಬರ್ 2024

ನಯನಾ,

ಇದನ್ನು ನಿಧಾನವಾಗಿ ಓದು.

ನಿನ್ನೆ ಮೂಟೆಗಳಿಗೆ ಗಾಳಿಯಾಡಿಸೋಣ ಎಂದು ಸ್ಟೋರಿಗೆ ಹೋದೆ. ನಾವು ತುಂಬಿದ್ದಕ್ಕಿಂತ ಹೆಚ್ಚು ಇದ್ದ ಹಾಗೆ ಕಂಡಿತು. ಎರಡು ಮೂಟೆ ಬಿಚ್ಚಿ ಸುರಿದೆ. ನಮ್ಮೂರಿನ ಕಾಯಿಯ ಜೊತೆ ಬೇರೆ ಕಾಯಿಯೂ ಇತ್ತು. ದಪ್ಪ, ಉದ್ದ, ಹೆಚ್ಚು ಹಸಿರು. ಚೆಂದದ ಕಾಯಿಯೇ, ನಮ್ಮದಲ್ಲ. ಧರ್ಮ ಬಾಗಿಲಲ್ಲಿ ನಿಂತಿದ್ದ. ನಾನು ಕೇಳಿದೆ, ಅವನು ಸುಳ್ಳು ಹೇಳಲಿಲ್ಲ. ನನಗೆ ತಿಳಿಯಲೆಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಆನೆ ತುಳ್ದಿದ್ದು ತುಂಬ್ಸೋಕೆ ಸಕಲೇಶಪುರದಿಂದ ತಂದೆ ಅಮ್ಮ. ಅವ್ಳು ಅಷ್ಟು ದೂರ ಹೋಗಿ ಮಾತು ಕೊಟ್ಬುಟ್ಟವಳೆ. ನನ್ನಿಂದ ಅವ್ಳ ಮಾತು ಬೀಳ್ಬಾರ್ದು ಅಂತ."

ಯಾರ ತೋಟದ್ದು ಎಂದು ಕೇಳಿದೆ. ಗೊತ್ತಿಲ್ಲ ಎಂದ. ಔಷಧಿ ಹೊಡೆದದ್ದೋ ಎಂದು ಕೇಳಿದೆ. ಅವನು ಬಗ್ಗಿ, ಸುರಿದ ಕಾಯಿಯನ್ನು ಮತ್ತೆ ಮೂಟೆಗೆ ತುಂಬತೊಡಗಿದ.

ಮೂಟೆಗಳಲ್ಲಿ ಮೂರು ಪಾಲಿಗೆ ಒಂದು ಪಾಲು ಹೀಗೆ ಬೆರೆತಿದೆ. ಮಾರಮ್ಮನದ್ದು ಪೂರ್ತಿ ಅದರಲ್ಲೇ ಇದೆ. ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಕಾಯಿ ಆರಿಸಿದರೂ ತಾಗಿದ್ದು ತಾಗಿದ್ದೇ.

ಅವನಿಗೆ ಬೈದಿಲ್ಲ. ಬೈಯಲು ಬಾಯಿ ತೆಗೆದರೆ ಅಳು ಬರುತ್ತದೆ ಎಂದು ಗೊತ್ತಿತ್ತು. ಹೇಳುವುದೋ ಬಿಡುವುದೋ, ಅಲ್ಲಿ ಮಾತು ಕೊಟ್ಟವಳು ನೀನು. ನಾನು ಇಲ್ಲಿ ಕೂತು ನಿನಗೆ ದಾರಿ ಹೇಳುವುದಿಲ್ಲ.

ಈ ಕಾಗದದ ಫೋಟೋ ತೆಗೆಯುವವನೂ ಧರ್ಮನೇ. ಓದಿಯೇ ಕಳಿಸು ಎಂದಿದ್ದೇನೆ. ಇದು ನಿನ್ನ ಕೈ ಸೇರಿದರೆ, ಅವನೇ ಓದಿ, ಹೆತ್ತೂರಿನವರೆಗೆ ಹೋಗಿ, ಅವನೇ ಕಳಿಸಿದ ಎಂದು ತಿಳಿದುಕೋ.

ಅತ್ತೆ


ತುರ್ಕು
24 ನವೆಂಬರ್ 2024

ಅತ್ತೆ,

ಕಾಗದ ಸೇರಿತು. ಮೊದಲ ಫೋಟೋ ಅಲುಗಾಡಿ ಏನೂ ಕಾಣುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಇನ್ನೊಂದು ಬಂತು, ನೆಟ್ಟಗಿತ್ತು.

ಆಮೇಲೆ ಧರ್ಮ ಫೋನ್ ಮಾಡಿದರು. ನಾನು ತೆಗೆಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬೇಕರಿಗೆ ಹೋದೆ. ದಾರಿಯಲ್ಲೆಲ್ಲಾ ಹಿಮ ಬಿದ್ದಿತ್ತು, ಈ ವರ್ಷದ ಮೊದಲ ಹಿಮ. ಮರ್ಯಾತ್ತಾ ಹಿಟ್ಟು ನಾದುತ್ತಿದ್ದರು. ಹೇಳಬೇಕಾದದ್ದನ್ನು ರಾತ್ರಿಯೆಲ್ಲ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದೆ, ಅಲ್ಲಿ ನಿಂತ ಮೇಲೆ ಒಂದೂ ನೆನಪಾಗಲಿಲ್ಲ. ನೀವು ಬರೆದಷ್ಟನ್ನೇ ಹೇಳಿದೆ. ಆನೆ ಬಂದದ್ದು, ಕಡಿಮೆಯಾದದ್ದು, ನನ್ನ ಗಂಡ ತುಂಬಿಸಿದ್ದು, ನಮ್ಮತ್ತೆ ಕಂಡುಹಿಡಿದದ್ದು. ಅವರು ನಾದುವುದನ್ನು ನಿಲ್ಲಿಸಲಿಲ್ಲ. ಎಷ್ಟು ಉಳಿದಿದೆ ಎಂದು ಕೇಳಿದರು. ಹೇಳಿದೆ.

"ಹಾಗಾದರೆ ಅಷ್ಟಕ್ಕೆ ಎಷ್ಟು ಆಗುತ್ತದೋ ಅಷ್ಟು ಬ್ರೆಡ್ ಮಾಡೋಣ," ಎಂದರು.

ಪಾಲುದಾರರಿಗೆ ಅಷ್ಟು ಸುಲಭವಾಗಲಿಲ್ಲ. ಸಭೆ ಬಹಳ ಹೊತ್ತು ನಡೆಯಿತು, ನನ್ನನ್ನು ಹೊರಗೆ ಕೂರಿಸಿದ್ದರು. ಉಳಿದ ಶುದ್ಧ ಕಾಯಿಯನ್ನು ಕೊಳ್ಳುತ್ತಾರೆ. ಒಣಗಿಸುವ ಮನೆಯ ಮಾತು ಈಗ ಬೇಡ ಎಂದು ತೀರ್ಮಾನವಾಗಿದೆ. ಅವರ ತಪ್ಪಿಲ್ಲ. ನಾನು ಅಲ್ಲಿಂದ ಎದ್ದು ಬಂದು ಹೊಳೆ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತೆ.

ಕಂಪನಿಯವರಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಮಾರಮ್ಮನಿಗೆ ಏನು ಹೇಳಲಿ? ನಾನು ಬರುವವರೆಗೆ ಸುಮ್ಮನಿರಿ, ನಾನೇ ಹೇಳುತ್ತೇನೆ. ನಿಮಗೆ ಅದೊಂದು ಭಾರ ಬೇಡ.

ನಯನಾ


ಬಿಸಿಲೆ
1 ಡಿಸೆಂಬರ್ 2024

ನಯನಾ,

ಮದುವೆಯಾದ ಮೇಲೆ ನಿನಗೆ ಕಾಗದ ಬರೆಯುವುದು ಇದೇ ಮೊದಲು. ಅಕ್ಷರ ಚೆನ್ನಾಗಿಲ್ಲ. ನಾನು ಮಾಡಿದ್ದನ್ನು ಅಮ್ಮ ಬರೆದಿದ್ದಾಳೆ, ಮತ್ತೆ ಬರೆಯುವುದಿಲ್ಲ. ಅಮ್ಮ ಬರೆಯದೆ ಬಿಡುವುದನ್ನು ಬರೆಯುತ್ತೇನೆ, ಇಲ್ಲದಿದ್ದರೆ ನಿನಗೆ ಯಾವತ್ತೂ ತಿಳಿಯದು.

ಸುಮ್ಮನಿರಿ ಎಂದು ನೀನು ಬರೆದದ್ದನ್ನು ಓದಿ, ಫೋನನ್ನು ನನ್ನ ಕೈಗೆ ಕೊಟ್ಟು, ಮಾರನೆಯ ದಿನವೇ ಮೀಟಿಂಗ್ ಕರೆಸಿದಳು. ಹನ್ನೊಂದು ಮನೆಯವರೂ ಬಂದಿದ್ದರು. ಶಾಂತಮಲ್ಲಪ್ಪನವರೂ ಬಂದಿದ್ದರು. ನಾನೇ ಎದ್ದು ಹೇಳಬೇಕು ಎಂದುಕೊಂಡಿದ್ದೆ. ಎದ್ದೆ, ಮಾತು ಹೊರಡಲಿಲ್ಲ. ಅಮ್ಮ ನನ್ನ ತೋಳು ಹಿಡಿದು ಕೂರಿಸಿ ತಾನು ಎದ್ದಳು.

ಆದದ್ದನ್ನೆಲ್ಲ ಹೇಳಿದಳು. ಶಾಂತಮಲ್ಲಪ್ಪನವರು, ಅಲ್ಲಿ ಹೇಳದೆ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಇಷ್ಟು ದೊಡ್ಡ ಅವಕಾಶ ಹೋಯಿತಲ್ಲ ಎಂದು ಜೋರು ಮಾಡಿದರು. ಅಮ್ಮನಿಗೆ ಎಷ್ಟು ಕೇಳಿಸಿತೋ. ಅವರು ಮುಗಿಸುವವರೆಗೆ ಮುಖ ನೋಡುತ್ತಾ ನಿಂತಿದ್ದು, ಆಮೇಲೆ ಹೇಳಿದಳು:

"ನೀವು ಹೇಳಿದ್ದು ನಂಗೆ ಪೂರ್ತಿ ಕೇಳ್ಸಿಲ್ಲ ಕಣ್ರೀ. ನಾನು ಹೇಳೋದ್ನ ನೀವು ಕೇಳಿ. ನಮ್ಮ ಮನೆ ಏಲಕ್ಕಿ ಎಲ್ಲಾ ಶುದ್ಧ ಮೂಟೇಲೈತೆ. ಇನ್ಮೇಲೆ ಅದು ಮಾರಮ್ಮಂದು, ಮತ್ತೆ ಯಾರ್ದೆಲ್ಲ ಬೆರ್ತೋಯ್ತೋ ಅವ್ರದ್ದು. ಬೆರ್ತಿದ್ದು ನಮ್ದು."

ಅಷ್ಟೇ. ಕೂತಳು. ಮಾರಮ್ಮ ಬೇಡ ಎಂದು ಕೈಯಾಡಿಸಿದಳು. ಅಮ್ಮ ಅತ್ತ ನೋಡಲೇ ಇಲ್ಲ. ಹೀಗೆ ಈ ವರ್ಷ ಆ ದೇಶಕ್ಕೆ ಹೋಗುವುದರಲ್ಲಿ ನಮ್ಮ ಮನೆಯ ಹೆಸರಿನದ್ದು ಒಂದು ಕಾಯಿಯೂ ಇಲ್ಲ. ಬೆರೆತದ್ದನ್ನು ನಾನೇ ಸಕಲೇಶಪುರಕ್ಕೆ ಕೊಂಡುಹೋಗಿ, ಹೀಗೆ ಬೆರೆತದ್ದು ಎಂದು ಹೇಳಿಯೇ ಕೊಟ್ಟು ಬಂದೆ.

ಬರುವಾಗ ಅಮ್ಮನಿಗೆ ಕೇಳಿದೆ, ನಿಂಗೆ ಬೇಜಾರಿಲ್ವಾ ಎಂದು. "ಬೇಜಾರೈತೆ. ನೀನು ಊಟ ಮಾಡು," ಎಂದಳು.

ನೀನು ಫೋನ್ ತೆಗೆಯದಿದ್ದದ್ದು ಸರಿಯೇ. ನಾನು ದಿನಾ ಹೆತ್ತೂರಿಗೆ ಹೋಗುತ್ತಿದ್ದೇನೆ. ಮಾಡುವುದಕ್ಕಲ್ಲ. ನೀನು ಮಾಡಿದರೆ ಸಿಗ್ನಲ್ ಇರಲಿ ಎಂದು.

ಧರ್ಮ


ತುರ್ಕು
6 ಡಿಸೆಂಬರ್ 2024

ಧರ್ಮ,

ನಿಮ್ಮ ಕಾಗದವನ್ನು ಮರ್ಯಾತ್ತಾಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಕೇಳದೆ ಓದಿದೆ, ಬೇಸರ ಮಾಡಿಕೊಳ್ಳಬೇಡಿ. ಅತ್ತೆ ಹೇಳಿದ ಮಾತಿನ ಹತ್ತಿರ ಬಂದಾಗ ಇನ್ನೊಂದು ಸಲ ಓದು ಎಂದರು. ಆಮೇಲೆ ಕೈ ತೊಳೆದುಕೊಂಡು ಪಾಲುದಾರರಿಗೆ ಫೋನ್ ಮಾಡಿದರು. ಏನು ಮಾತಾಯಿತೋ ನನಗೆ ತಿಳಿಯಲಿಲ್ಲ. ಫೆಬ್ರವರಿಯಲ್ಲಿ ಮರ್ಯಾತ್ತಾ ತಾವೇ ಬಿಸಿಲೆಗೆ ಬರುತ್ತಾರಂತೆ. ಅಷ್ಟು ಮಾತ್ರ ಹೇಳಿದರು.

ನಾನು ಹದಿನಾಲ್ಕನೇ ತಾರೀಕು ಬೆಂಗಳೂರಿನಲ್ಲಿ ಇಳಿಯುತ್ತೇನೆ. ಬಸ್ಸಿನಲ್ಲಿ ಬರಬಲ್ಲೆ. ಆದರೆ ನೀವು ಬನ್ನಿ.

ಇವತ್ತು ಸಂಜೆ ಫೋನ್ ಮಾಡುತ್ತೇನೆ.

ನಯನಾ


ಬಿಸಿಲೆ
19 ಅಕ್ಟೋಬರ್ 2025

ಮರ್ಯಾತ್ತಾ ಅವರಿಗೆ,

ಇದನ್ನು ನಯನಾ ನಿಮ್ಮ ಕಡೆಯವರಿಗೆ ತಿಳಿಯುವ ಹಾಗೆ ಇಂಗ್ಲಿಷಿನಲ್ಲಿ ಬರೆದು ಜೊತೆಗಿಡುತ್ತಾಳೆ. ಅವಳನ್ನು ಹೊಗಳಿದ ಕಡೆ ಬಿಟ್ಟುಬಿಡುವವಳು. ಬಿಡಬೇಡ ಎಂದು ಹೇಳಿದ್ದೇನೆ.

ನೀವು ಫೆಬ್ರವರಿಯಲ್ಲಿ ಬಂದು ಹೋದ ಮೇಲೆ ನಮ್ಮ ಅಡುಗೆಮನೆಯಲ್ಲಿ ಯಾರೂ ಅಷ್ಟು ಹಿಟ್ಟು ಚೆಲ್ಲಿಲ್ಲ. ನೀವು ನಿಮ್ಮ ಭಾಷೆಯಲ್ಲಿ, ನಾನು ನನ್ನ ಭಾಷೆಯಲ್ಲಿ ಮಾತಾಡಿಕೊಂಡು ಆ ಬ್ರೆಡ್ಡನ್ನು ಮುಚ್ಚಳದ ಮೇಲೆ ಕೆಂಡ ಹಾಕಿ ಬೇಯಿಸಿದ್ದನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಅಡಿಭಾಗ ಸೀದಿತ್ತು ಎನ್ನುವುದನ್ನು ಹೇಳುವುದಿಲ್ಲ.

ನಮ್ಮ ಕಾಯಿ ಪರೀಕ್ಷೆಯಲ್ಲಿ ಪಾಸಾಗಿ, ನಿಮ್ಮ ಪಾಲುದಾರರೂ ಒಪ್ಪಿ ಕಳಿಸಿದ ಯಂತ್ರ ಬಂತು. ಮಂಗಳೂರಿನವರೆಗೆ ಸುಸೂತ್ರವಾಗಿ ಬಂದು, ಘಟ್ಟದಲ್ಲಿ ಮಣ್ಣು ಜರಿದು, ಲಾರಿ ದೋಣಿಗಲ್ಲಿನ ಕೆಳಗೇ ನಿಂತುಬಿಟ್ಟಿತ್ತು. ಶಾಂತಮಲ್ಲಪ್ಪನವರು ತಮ್ಮ ಎಸ್ಟೇಟಿನ ಆಳುಗಳನ್ನು ಕರೆದುಕೊಂಡು ಹೋಗಿ, ಟಾರ್ಪಾಲು ಹೊದಿಸಿ, ದಾರಿ ಬಿಡುವವರೆಗೆ ಕಾದು ಮೇಲೆ ತಂದರು. ಮೊದಲು ಅಷ್ಟು ಬೈದವರು ಅವರೇ. ಈಗ ಹೊಸ ಒಣಗಿಸುವ ಮನೆಯನ್ನು ನೋಡಲು ಬಂದವರಿಗೆಲ್ಲ ತಾವೇ ಫಿನ್‌ಲ್ಯಾಂಡಿಗೆ ಹೋಗಿಬಂದವರ ಹಾಗೆ ವಿವರಿಸುತ್ತಾರೆ.

ನೀವು ಇದ್ದಾಗ ಒಂದು ಮಾತು ನಿಮಗೆ ಪೂರ್ತಿ ತಿಳಿದಿರಲಾರದು. ಒಣಗಿಸುವ ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನೀವು ಸಭೆಯಲ್ಲಿ ಕೇಳಿದಾಗ ಎಲ್ಲರೂ ಧರ್ಮನ ಕಡೆ ನೋಡಿದರಲ್ಲ. ನನ್ನ ಮಗ ತಲೆ ತಗ್ಗಿಸಿದ್ದ. ನಾನು ಏನಾದರೂ ಹೇಳಿದರೆ ಮಗನಿಗಾಗಿ ಹೇಳಿದ ಹಾಗಾಗುತ್ತದೆ ಎಂದು ಬಾಯಿ ಬಿಗಿಹಿಡಿದಿದ್ದೆ. ನಯನಾಳೂ ಹಾಗೆಯೇ ಕೂತಿದ್ದಳು. ಆಗ ಶಾಂತಮಲ್ಲಪ್ಪನವರು ಹೇಳಿದ್ದು ಇಷ್ಟು: "ಇವ್ನೇ ಇರ್ಲಿ ಕಣ್ರೀ. ಇವ್ನು ಇನ್ಮೇಲೆ ಯಾರ್ನೂ ಬೆರ್ಸೋಕೆ ಬಿಡಲ್ಲ." ಎಲ್ಲರೂ ನಕ್ಕರು. ನೀವು ಕೂಡ ಅರ್ಥವಾಗದೆ ನಕ್ಕಿರಿ. ಧರ್ಮ ನಗಲಿಲ್ಲ. ಸಭೆ ಮುಗಿದ ಮೇಲೆ ಮಾರಮ್ಮ ಅವನ ಹತ್ತಿರ ಹೋಗಿ, ಈ ವರ್ಷ ನನ್ನ ಕಾಯಿಯನ್ನು ಮೊದಲು ತೂಗಬೇಕು ನೋಡು ಎಂದಳಂತೆ. ಅದನ್ನು ಅವನೇ ಮನೆಗೆ ಬಂದು ನನಗೆ ಹೇಳಿದ. ಎರಡು ಸಲ ಹೇಳಿದ.

ಈಗ ನಲವತ್ತು ಮನೆಯಲ್ಲಿ ಹತ್ತೊಂಬತ್ತು ಮನೆಯವರು ಏಲಕ್ಕಿ ತರುತ್ತಾರೆ. ಕಿತ್ತುಹಾಕಿದ್ದವರು ಮತ್ತೆ ಗಿಡ ಕೇಳುತ್ತಿದ್ದಾರೆ. ಇದೆಲ್ಲ ನಯನಾಳ ಕೆಲಸ. ಊರೂರು ತಿರುಗಿ, ಔಷಧಿ ಹೊಡೆಯದೆ ಹೇಗೆ ಬೆಳೆಯಬಹುದೆಂದು ಒಬ್ಬೊಬ್ಬರ ತೋಟದಲ್ಲೂ ನಿಂತು ಹೇಳಿಕೊಡುತ್ತಾಳೆ. ದೂರದ ಎರಡು ದೇಶ ವ್ಯಾಪಾರ ಮಾಡುವುದೆಂದರೆ ದೊಡ್ಡವರು ಕೈ ಕುಲುಕುವ ಫೋಟೋ ಎಂದು ನಾನು ತಿಳಿದಿದ್ದೆ. ನನ್ನ ಸೊಸೆಯ ಕೆಸರು ಮೆತ್ತಿದ ಚಪ್ಪಲಿಯನ್ನು ದಿನಾ ಸಂಜೆ ಬಾಗಿಲಲ್ಲಿ ನೋಡುತ್ತೇನೆ, ಹೆಚ್ಚಿನ ವ್ಯಾಪಾರ ಅದೇ.

ಹೋದ ವಾರದ ಸಂಗತಿ ಒಂದು ಹೇಳಿ ಮುಗಿಸುತ್ತೇನೆ. ಆನೆ ಓಡಾಡುತ್ತಿವೆ ಎಂಬ ಹೆದರಿಕೆಗೆ ನಮ್ಮ ಹಳ್ಳದ ಬದಿಯ ಕಾಯಿಯನ್ನು ಅವಸರದಲ್ಲಿ ಕೊಯ್ಯಿಸಿ, ಬುಟ್ಟಿ ತುಂಬಿಕೊಂಡು ನಯನಾಳ ಜೊತೆ ಬಸ್ಸಿನಲ್ಲಿ ಹೆತ್ತೂರಿನ ಹೊಸ ಒಣಗಿಸುವ ಮನೆಗೆ ಹೋದೆ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಧರ್ಮ ಬುಟ್ಟಿಗೆ ಕೈ ಹಾಕಿ ತಿರುವಿದ, ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದ. ಬುಟ್ಟಿಯನ್ನು ಎತ್ತಿ ನನ್ನ ಕೈಗೇ ಕೊಟ್ಟ.

"ಎಳೇ ಕಾಯಿ ಸೇರ್ಕೊಂಡವೆ ಅಮ್ಮ. ಆರ್ಸ್ಕೊಂಡ್ ಬಾ."

ಹಿಂದೆ ಇಡೀ ಸಾಲು ನಿಂತಿತ್ತು. ನನಗೆ ಬಂದ ಸಿಟ್ಟಿಗೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಬರೋಣ ಅನ್ನಿಸಿತು. ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಆರಿಸಿದೆ. ಅವನು ಹೇಳಿದ್ದು ನಿಜ, ಎಳೆಯವು ಇದ್ದವು. ನಾನು ಕೂತದ್ದನ್ನು ನೋಡಿ ಹಿಂದೆ ನಿಂತಿದ್ದ ಇಬ್ಬರು ಬಂದು ಪಕ್ಕದಲ್ಲಿ ಕೂತು ತಮ್ಮದನ್ನೂ ಆರಿಸತೊಡಗಿದರು. ಮತ್ತೆ ಹೋದಾಗ ಅವನು ತೂಗಿ, ಹೆಸರು ಕೂಗಿ, ಒಳಗೆ ಕಳಿಸಿದ. ಅಮ್ಮ ಎಂದು ಒಂದು ನಗೆಯೂ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು, ಅಜ್ಜಿ ಒಬ್ಬರೇ ನಗ್ತಾ ಕೂತವ್ರಲ್ಲ, ಏನ್ ಸಮಾಚಾರ ಎಂದು ಕೇಳಿದಳಂತೆ. ನನಗೆ ಕೇಳಿಸಿರಲಿಲ್ಲ. ನಯನಾ ಆಮೇಲೆ ಹೇಳಿದಳು.

ಇಂತಿ
ನಾಗರತ್ನಮ್ಮ